ಏಳು ಗುಂಡಿಗಳ ಬಳೆ

ಬೇಕರಿಯ ಒಳಗೆ ಬರುವವರು ಬಳೆ, ಉಂಗುರ, ವಾಚು ಎಲ್ಲವನ್ನೂ ಬಾಗಿಲ ಬಳಿಯ ಡಬ್ಬಿಯಲ್ಲಿ ಬಿಡಬೇಕಿತ್ತು. ಹಿಟ್ಟು ನಾದುವ ಅಕ್ಕ ಒಂದನ್ನು ಮಾತ್ರ ಬಿಡುತ್ತಿರಲಿಲ್ಲ. ಮಗಳು ಆರು ವರ್ಷದವಳಿದ್ದಾಗ ಹಳೇ ಬಟ್ಟೆಗಳ ಗುಂಡಿ ಕಿತ್ತು, ಎಲಾಸ್ಟಿಕ್ ದಾರಕ್ಕೆ ಪೋಣಿಸಿಕೊಟ್ಟ ಬಳೆ ಅದು. ನಡುವೆ ತಾತನ ಕೋಟಿನ ಕಂದು ಗುಂಡಿ, ಆಚೀಚೆ ಮೂರು ಮೂರು ಬಿಳಿಯವು. ಹನ್ನೊಂದು ವರ್ಷದಿಂದ ಅದು ಅಕ್ಕನ ಏಪ್ರನ್ನಿನ ಎದೆ ಜೇಬಿನಲ್ಲಿತ್ತು. ಈಗ ಕಾಲೇಜಿಗೆ ಹೋಗುವ ಮಗಳು, "ಅಮ್ಮಾ, ಆ ಕಸಾನ ಇನ್ನೂ ಇಟ್ಕೊಂಡಿದೀಯಾ?" ಎಂದು ರೇಗಿಸುತ್ತಿದ್ದಳು.

ಆವತ್ತು ಎಂಟೂವರೆಗೆ ಟೀ ಕುಡಿಯಲು ಕೂತ ಅಕ್ಕ ಜೇಬಿಗೆ ಕೈ ಹಾಕಿದಳು. ದಾರ ಹರಿದಿತ್ತು. ಗುಂಡಿಗಳನ್ನು ಅಂಗೈಗೆ ಸುರಿದುಕೊಂಡು ಎಣಿಸಿದಳು. ಆರು. ಕಂದು ಗುಂಡಿ ಇಲ್ಲ.

ಮೇಜಿನ ಕೆಳಗೆ, ಮೂಟೆಗಳ ಸಂದಿಯಲ್ಲಿ ಮಂಡಿಯೂರಿ ಹುಡುಕಿದಳು. ತೊಟ್ಟಿಗೆ ಬಗ್ಗಿ ನಾದುವಾಗ ಹಿಟ್ಟಿಗೇ ಬಿದ್ದಿದ್ದರೆ? ಆ ಹಿಟ್ಟು ಆಗಲೇ ಬನ್ನುಗಳಾಗಿ ಬೆಂದು ವ್ಯಾನು ಹತ್ತಿತ್ತು. ನೂರಿಪ್ಪತ್ತು ಬನ್ನು, ಪುಟ್ಟ ಮಕ್ಕಳ ಶಾಲೆಗೆ. ಹತ್ತಕ್ಕೆ ಅಲ್ಲಿ ಬಿಡುವಿನ ಗಂಟೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲೇ ಯಾವುದೋ ಮಗುವಿನ ಸಣ್ಣ ಗಂಟಲು ಕಣ್ಣಿಗೆ ಕಟ್ಟಿತು. ಟೀ ಲೋಟವನ್ನು ಅಲ್ಲೇ ಬಿಟ್ಟು ಎದ್ದಳು.

"ಯಜಮಾನಮ್ಮಾ, ದೊಡ್ಡ ತಪ್ಪಾಗ್ಬಿಟ್ಟಿದೆ."

ಯಜಮಾನಮ್ಮ ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಶಾಲೆಗೆ ಫೋನು ಮಾಡಿದರು. ರಿಂಗಾಗಿ ರಿಂಗಾಗಿ ನಿಂತಿತು. ಡ್ರೈವರನೂ ಎತ್ತಲಿಲ್ಲ.

"ನಡಿ, ಆಟೋ ಹಿಡಿ."

ಒಂದೊಂದು ಸಿಗ್ನಲ್ಲೂ ಒಂದೊಂದು ಯುಗವಾಯಿತು. ಶಾಲೆ ತಲುಪುವಾಗ ಒಂಬತ್ತೂ ಮುಕ್ಕಾಲು. ಅಡುಗೆಮನೆಯಲ್ಲಿ ಬನ್ನುಗಳು ಆಗಲೇ ತಟ್ಟೆಗಳಲ್ಲಿ ಕೂತಿದ್ದವು.

"ಒಂದನ್ನೂ ಕೊಡ್ಬೇಡಿ!" ಎಂದು ಅಕ್ಕ ಬಾಗಿಲಲ್ಲೇ ಕೂಗಿದಳು.

ಅಡುಗೆಯಾಕೆ, ಯಜಮಾನಮ್ಮ, ಅಕ್ಕ ಮೂವರೂ ಕೂತು ಮುರಿದರು. ಬನ್ನು ಮುರಿದು, ಬೆರಳಲ್ಲಿ ಹಿಸುಕಿ, ಪಕ್ಕಕ್ಕೆ ಹಾಕುವುದು. ಐವತ್ತಾಯಿತು, ನೂರಾಯಿತು. ಗಂಟೆ ಹೊಡೆಯಿತು. ಮಕ್ಕಳ ಗದ್ದಲ ಕಾರಿಡಾರಿಗೆ ಬಂತು. ಕೊನೆಯದನ್ನೂ ಮುರಿದಾಯಿತು. ಗುಂಡಿ ಇಲ್ಲ.

"ನೂರಾ ಹತ್ತೊಂಬತ್ತೇ ಇದೆಯಲ್ರೀ," ಎಂದಳು ಅಡುಗೆಯಾಕೆ.

ಯಾವ ಮಗು ಎತ್ತಿಕೊಂಡು ಹೋಯಿತೋ! ಅಕ್ಕ ಅಂಗಳಕ್ಕೆ ಓಡಿದಳು. ಖಾಲಿ ಟ್ರೇಗಳಿಗಾಗಿ ಕಾಯುತ್ತಿದ್ದ ಡ್ರೈವರ್ ಕೆನ್ನೆಗೆ ಕೈ ಒತ್ತಿಕೊಂಡು ವ್ಯಾನಿಗೆ ಒರಗಿದ್ದ.

"ಅಣ್ಣಾ, ಒಂದು ಬನ್ನು ಕಮ್ಮಿ ಇದೆ. ಯಾವ್ದಾದ್ರೂ ಮಗುಗೆ ಕೊಟ್ರಾ?"

ಅವನು ನೆಲ ನೋಡಿದ. "ನಾನೇ ತಿಂದೆ ಅಕ್ಕ. ಹಸಿವಾಗಿತ್ತು. ಕಚ್ಚಿದ್ರೆ ಒಳಗೆ ಕಲ್ಲು! ಹಲ್ಲಿನ ತುದೀನೇ ಹೋಯ್ತು. ಕಳ್ಳನಿಗೆ ಚೇಳು ಕುಟುಕಿದ ಹಾಗಾಯ್ತು, ಯಾರ ಹತ್ರ ಹೇಳ್ಲಿ?"

"ಅದನ್ನ ಏನ್ ಮಾಡಿದ್ರಿ?"

"ಸೇತುವೆ ಹತ್ರ ಕಿಟಕಿಯಿಂದ ಉಗಿದೆ."

ಅಕ್ಕ ಮೆಟ್ಟಿಲ ಮೇಲೆ ಕೂತಳು. ನಗು ಬಂತು, ಹಿಂದೆಯೇ ಅಳುವೂ ಬಂತು. ಯಜಮಾನಮ್ಮ ಪಕ್ಕದಂಗಡಿಯಿಂದ ಮಕ್ಕಳಿಗೆ ಬಿಸ್ಕತ್ತು ತರಿಸಿಕೊಟ್ಟರು. ವಾಪಸು ಬಂದು ಆಟೋ ಇಳಿಯುವಾಗ, "ನಾಳೆ ಸೂಜಿ ದಾರ ತಗೊಂಡ್ ಬಾ. ಎಲ್ಲರ ಏಪ್ರನ್ ಜೇಬೂ ಹೊಲಿದು ಮುಚ್ಬಿಡು," ಎಂದರು. ತನ್ನ ಕೆಲಸ ಹೋಗಲಿಲ್ಲ ಎಂದು ಅಕ್ಕನಿಗೆ ಗೊತ್ತಾದದ್ದು ಆಗ.

ಸಂಜೆ ಮಗಳಿಗೆ ಎಲ್ಲ ಹೇಳಿದಳು. "ಹೋಗ್ಲಿ ಬಿಡಮ್ಮ" ಅನ್ನುತ್ತಾಳೆ ಎಂದುಕೊಂಡಿದ್ದಳು. ಮಗಳ ಮುಖ ಚಿಕ್ಕದಾಯಿತು.

"ತಾತನ ಗುಂಡೀನಾ?"

"ಕಸ ಅಂತಿದ್ಯಲ್ಲೇ."

"ಅಂತಿದ್ದೆ. ನೀನು ಬಿಸಾಕಲ್ಲ ಅಂತ ಗೊತ್ತಿತ್ತಲ್ಲ," ಎನ್ನುತ್ತಲೇ ಮಗಳು ಚಪ್ಪಲಿ ಮೆಟ್ಟಿದಳು.

ಸೇತುವೆಯ ಒಂದು ಬದಿಗೆ ತಾಯಿ, ಇನ್ನೊಂದು ಬದಿಗೆ ಮಗಳು, ಬೆಳಕಿರುವ ತನಕ ಬಗ್ಗಿ ಬಗ್ಗಿ ಹುಡುಕಿದರು. ಬಾಟಲಿ ಮುಚ್ಚಳ ಸಿಕ್ಕಿತು, ಬಸ್ ಟಿಕೆಟು ಸಿಕ್ಕಿತು, ಗುಂಡಿ ಸಿಗಲಿಲ್ಲ. ಉಳಿದ ಆರನ್ನು ಮಗಳು ಹೊಸ ದಾರಕ್ಕೆ ಪೋಣಿಸಿದಳು. ಅದು ಅಕ್ಕನ ಕೈಗೆ ಬಿಗಿಯಾಯಿತು. ಮಗಳ ಸಣ್ಣ ಮಣಿಕಟ್ಟಿಗೆ ಸರಿಹೋಯಿತು.