ಅತ್ತೆ ಓದಿದ ಕರಡು

ಸೊರಬದಲ್ಲಿ ಅಕ್ಕ ರಕ್ಷಿತಾಳ ಗೃಹಪ್ರವೇಶದ ಊಟಕ್ಕೆ ಎಲೆ ಹಾಕುತ್ತಿದ್ದರು. ಆಗ ನನ್ನ ಗಂಡ ಮಲ್ಲಿಕಾರ್ಜುನ್ ಶಿಕಾರಿಪುರದಿಂದ ಫೋನು ಮಾಡಿದರು.

"ಗಂಗಾ, ನಿಂದೊಂದು ಪಾರ್ಸಲ್ ಬಂದೈತಿ. ಪುಸ್ತಕದ ಕರಡಂತೆ. ಅವ್ವ ಒಡೆದು ಓದಾಕತ್ಯಾಳ."

ನಮ್ಮದು ಬೀಜ, ಗೊಬ್ಬರದ ಅಂಗಡಿ. ಸ್ಯಾಂಪಲ್ ಬೀಜಕ್ಕೆ ತೇವ ತಗುಲಬಾರದೆಂದು, ಯಾರ ಹೆಸರಿಗೆ ಏನು ಬಂದರೂ ತಕ್ಷಣ ಒಡೆದು ನೋಡುವುದು ಅತ್ತೆ ನೀಲಾಂಬಿಕ. ಇದು ಗೊತ್ತಿದ್ದೂ ಪ್ರಕಾಶಕರಿಗೆ ಅಂಗಡಿಯ ವಿಳಾಸ ಕೊಟ್ಟವಳು ನಾನು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಟೀವಿ ಧಾರಾವಾಹಿಯೊಂದರ ಪಾತ್ರಗಳನ್ನು ಎತ್ತಿಕೊಂಡು, ನನಗೆ ಬೇಕಾದ ಹಾಗೆ ಕಥೆ ಬೆಳೆಸಿ, ಎರಡು ವರ್ಷ ಮೊಬೈಲ್ ಆ್ಯಪಿನಲ್ಲಿ ಬರೆದಿದ್ದೆ. ಸಾವಿರಾರು ಜನ ಓದಿದರು. ಪ್ರಕಾಶಕರೊಬ್ಬರು ಕಾದಂಬರಿ ಮಾಡೋಣ ಎಂದರು. "ಆದ್ರೆ ಧಾರಾವಾಹಿಯ ವಾಸನೆಯೂ ಇರಬಾರದು ಮೇಡಂ."

ಹೆಸರು ಬದಲಿಸಿದೆ. ಕಥೆಯೊಳಗಿನ ಬಂಗಲೆ ಕೆಡವಿ ಬೀಜದಂಗಡಿ ಕಟ್ಟಿದೆ. ರೇಷ್ಮೆ ಸೀರೆಯ ಕೇಡಿ ಅತ್ತೆಯನ್ನು ತೆಗೆದಾಗ ಆ ಜಾಗಕ್ಕೆ ಯಾರನ್ನು ತರಲಿ? ಕಣ್ಣೆದುರಿಗಿದ್ದವರು ಒಬ್ಬರೇ. ಕರಿದಾರ ಕಟ್ಟಿದ ಕನ್ನಡಕ, ಸೊಂಟದಲ್ಲಿ ಬೀರುವಿನ ಬೀಗದ ಕೈ, ಸಕ್ಕರೆ ಅಳೆದು ಕೊಡುವ ಬುದ್ಧಿ, ಎಲ್ಲ ಇಳಿಸಿಬಿಟ್ಟೆ. ಸೊಸೆಯ ಪುಸ್ತಕವನ್ನು ಒಲೆಗೆ ಹಾಕುವುದೊಂದು ಮಾತ್ರ ನನ್ನ ಕಲ್ಪನೆ.

ಸೋಮವಾರ ಕರಡಿಗೆ ಒಪ್ಪಿಗೆ ಹೇಳಬೇಕು. ಅತ್ತೆ ನೊಂದುಕೊಂಡರೆ ಪುಸ್ತಕವೂ ಹೋಯಿತು, ಆ ಮನೆಯಲ್ಲಿ ನನ್ನ ಮುಖವೂ ಹೋಯಿತು. ಊಟ ಬಿಟ್ಟು ಬಸ್ಸು ಹತ್ತಿದೆ.

ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಫೋನು ಮಾಡಿದೆ. "ರೀ, ಎಷ್ಟನೇ ಪುಟ?"

"ನೂರು ದಾಟೈತಿ. ಚಾ ಕೊಟ್ರೂ ಬ್ಯಾಡ ಅಂದ್ಲು."

ಒಲೆಯ ಪ್ರಸಂಗ ನೂರಾ ಹನ್ನೆರಡರಲ್ಲಿತ್ತು.

ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲಿದ್ದರು. ತೊಡೆಯ ಮೇಲೆ ಹಾಳೆಗಳು. ಕಣ್ಣು ಕೆಂಪಾಗಿತ್ತು.

"ಬಾ ಇಲ್ಲಿ. ಇದನ್ನ ನಿನಗ್ಯಾರು ಹೇಳಿದ್ರು?"

"ಯಾವ್ದು ಅತ್ತೆ?"

"ನಮ್ಮತ್ತಿ ನನ್ನ ಪುಸ್ತಕ ಒಲಿಗೆ ಹಾಕಿದ್ದು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎಂಟು ದಿನ ಇತ್ತು. ನಿಮ್ಮ ಮಾವನ ಮುಂದೂ ನಾ ಬಾಯಿಬಿಟ್ಟಿಲ್ಲ. ಈ ಸೊಸಿ ನಾನೇ ಅಲ್ಲೇನು?"

ನಾನು ಅವರ ಕನ್ನಡಕದ ಕರಿದಾರ ನೋಡಿದೆ. ಸೊಂಟದ ಬೀಗದ ಕೈ ನೋಡಿದೆ. ಅವೆರಡೂ ಆ ಹಾಳೆಗಳಲ್ಲಿ ಅವರಿಗೆ ಕಂಡೇ ಇರಲಿಲ್ಲ. ಬದುಕಿದೆ ಎನ್ನಿಸಿತು. ಮರುಗಳಿಗೆಯೇ ನಾಚಿಕೆಯಾಯಿತು.

"ಎಲ್ಲಾ ಚಲೋ ಬರದೀ. ಕೊನೀಗೆ ಸೊಸಿ ಅತ್ತೀನ ಕ್ಷಮಿಸ್ತಾಳಲ್ಲ, ಅದೊಂದು ತೆಗಿ," ಎಂದು ಅತ್ತೆ ಪೆನ್ಸಿಲ್ ಚಾಚಿದರು. "ನಾ ಕ್ಷಮಿಸಿಲ್ಲ."

ಆ ಪುಟವೊಂದನ್ನು ನಾನು ಇವರಿಗಾಗಿಯೇ, ಇವರನ್ನು ಕ್ಷಮಿಸಲೆಂದೇ ಬರೆದಿದ್ದೆ. ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕೂತೆ. ಕೈ ಮುಂದೆ ಹೋಗಲಿಲ್ಲ.

"ಗೀಟು ಹೊಡಿ," ಎಂದರು ಅತ್ತೆ.