ತತ್ತಿ ಸಾಲು, ಹಣ್ಣಿನ ಸಾಲು

ಆ ಎರಡು ಸಾಲು ಮಾಡಿದವಳು ನಾನೇ. ಇನ್ನೊಬ್ಬರ ಮೇಲೆ ಹಾಕಿ ಕೈ ತೊಳೆದುಕೊಳ್ಳೋಣವೆಂದರೂ ಬರುವುದಿಲ್ಲ, ಊರಿಗೆಲ್ಲ ಗೊತ್ತಿದೆ.

ಅಫಜಲಪುರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಈ ಸರಕಾರಿ ಶಾಲೆಯಲ್ಲಿ ನನ್ನದು ಹನ್ನೊಂದನೇ ವರ್ಷ. ಈಗೀಗ ಪಾಠಕ್ಕಿಂತ ವರದಿ ಕಳಿಸುವ ಕೆಲಸವೇ ಜಾಸ್ತಿ. ಮಧ್ಯಾಹ್ನದ ಊಟದಲ್ಲಿ ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಮಕ್ಕಳು ಬಾಳೆಹಣ್ಣು ತಿಂದರು ಎಂದು ದಿನಾ ಫೋಟೊ ಸಮೇತ ಮೊಬೈಲಿನಲ್ಲಿ ಹಾಕಬೇಕು. ಒಂದು ದಿನ ಅಡುಗೆಯ ಹಜರಾಬಿ ಗದ್ದಲದಲ್ಲಿ ಹಣ್ಣು ತಿನ್ನುವ ಹುಡುಗನೊಬ್ಬನ ತಾಟಿಗೆ ಮೊಟ್ಟೆ ಹಾಕಿಬಿಟ್ಟಳು. ಆ ಹುಡುಗನ ಅಪ್ಪ ಗುರುಶಾಂತ ನಮ್ಮ ಶಾಲಾ ಸಮಿತಿಯ ಅಧ್ಯಕ್ಷ. ಅಂಗಳದಲ್ಲಿ ನಿಂತು ಹಜರಾಬಿಗೆ ಬಾಯಿಗೆ ಬಂದಂತೆ ಬೈದ. ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಿದ್ದಳು. ನನಗೆ ನೋಡಲಾಗಲಿಲ್ಲ. ಮರುದಿನವೇ ಮಕ್ಕಳಿಗೆ ಹೇಳಿದೆ: ಮೊಟ್ಟೆಯವರು ಈ ಗೋಡೆಗೆ, ಹಣ್ಣಿನವರು ಆ ಗೋಡೆಗೆ.

ಎಣಿಕೆ ಎರಡೇ ನಿಮಿಷದಲ್ಲಿ ಮುಗಿಯತೊಡಗಿತು. ಭೇಟಿಗೆ ಬಂದ ಮೇಲಧಿಕಾರಿಯೊಬ್ಬರು ಭೇಷ್ ಅಂದರು. ನಾನೂ ಉಬ್ಬಿದೆ.

ಒಂದು ತಿಂಗಳು ಕಳೆಯುವಷ್ಟರಲ್ಲಿ ಕಣ್ಣಿದ್ದವರಿಗೆಲ್ಲ ಕಾಣುವಂತಾಯಿತು. ಹಣ್ಣಿನ ಸಾಲಿನಲ್ಲಿ ನಮ್ಮ ಲಿಂಗಾಯತರ ಮಕ್ಕಳು. ಮೊಟ್ಟೆಯ ಸಾಲಿನಲ್ಲಿ ಉಳಿದ ಎಲ್ಲರೂ. ಹಣ್ಣಿನ ಸಾಲಿನ ನಾಲ್ಕಾರು ಹುಡುಗರು ಬಸ್ ಸ್ಟ್ಯಾಂಡಿನ ಗಾಡಿಯಲ್ಲಿ ಆಮ್ಲೆಟ್ ಹೊಡೆಯುವುದನ್ನು ನಾನೇ ನೋಡಿದ್ದೇನೆ, ಆ ಮಾತು ಬೇರೆ. ಆಮೇಲೆ ನೀರಿನ ನಲ್ಲಿಯ ಹತ್ತಿರ ಎರಡು ಸಾಲು, ಪ್ರಾರ್ಥನೆಗೆ ಎರಡು ಸಾಲು, ಕಡೆಗೆ ತರಗತಿಯ ಒಳಗೂ ಅದೇ. ನೋಡಿದೆ. ನೋಡಿ ಸುಮ್ಮನಾದೆ. ದಿನಕ್ಕೆ ಎರಡು ಬಸ್ಸು ಹತ್ತಿ ಇಳಿಯುವುದರಲ್ಲೇ ನನ್ನ ಜೀವ ಅರ್ಧ ಸವೆದಿರುತ್ತದೆ. ಇದು ನೆಪವೇ, ಗೊತ್ತು ನನಗೆ.

ಶ್ರಾವಣದಲ್ಲಿ ರೇವಮ್ಮ ಬಂದಳು. ದಲಿತರ ಓಣಿಯವಳು, ಐದನೇ ತರಗತಿಯ ಭಾಗ್ಯವಂತಿಯ ತಾಯಿ.

"ಟೀಚರ್ರಿ, ಅಕೀಗಿ ತತ್ತಿ ಆಗಿಬರಂಗಿಲ್ರಿ. ಮೈಯೆಲ್ಲಾ ದದ್ದು ಏಳ್ತಾವ, ತುಟಿ ಬಾಯ್ತಾವ. ಹಣ್ಣು ಕೊಡ್ರಿ."

"ಅದಕ್ಕೇನಾತು, ಬರಕೋತೇನಿ ಬಿಡು," ಅಂದೆ. ಬರೆದುಕೊಂಡೆ.

ಮರುದಿನ ಭಾಗ್ಯವಂತಿ ತಾಟು ಹಿಡಿದು ನೆಟ್ಟಗೆ ಹೋಗಿ ಹಣ್ಣಿನ ಸಾಲಿನ ಕೊನೆಗೆ ಕುಳಿತಳು. ನಿಯಮ ನನ್ನದೇ ಅಲ್ಲವೇ, ಅದನ್ನು ಪಾಲಿಸಿದಳು. ಪಕ್ಕದ ಹುಡುಗಿ ತಾಟು ಎತ್ತಿಕೊಂಡು ಮುಂದೆ ಸರಿದಳು. ಅವಳ ಪಕ್ಕದವನೂ ಸರಿದ. ನೋಡನೋಡುತ್ತಿದ್ದಂತೆ ಇಡೀ ಸಾಲು ಜರುಗಿ, ಮಧ್ಯೆ ನಾಲ್ಕು ಮಕ್ಕಳು ಕೂರುವಷ್ಟು ಜಾಗ ಖಾಲಿ ಬಿತ್ತು. ಮಾರನೇ ದಿನ ಆರು ಮಕ್ಕಳು ಶಾಲೆಗೆ ಬರಲಿಲ್ಲ. ಅದರ ಮಾರನೇ ದಿನ ಹದಿಮೂರು.

ಗುರುಶಾಂತ ಈ ಸಲ ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, ಬಹಳ ಮರ್ಯಾದೆಯಿಂದ ಮಾತಾಡಿದ.

"ನಾವೇನು ಜಾತಿ ಮಾಡಂಗಿಲ್ರಿ ಟೀಚರ್ರಿ. ಬಸವಣ್ಣನವರ ಮಂದಿ ನಾವು, ನೀವೂ ನಮ್ಮವರೇ ಇದ್ದೀರಿ. ಆ ಹುಡುಗಿಗಿ ಹಣ್ಣು ಕೊಡ್ರಿ, ಒಂದಲ್ಲ ಎರಡು ಕೊಡ್ರಿ. ಕುಂದರೋದು ಅಷ್ಟ ಆ ಕಡಿ ಕುಂದರ್ಲಿ."

ಹೆಡ್ ಮಾಸ್ತರ್ ಚಂದ್ರಾಮಪ್ಪನವರು ನನ್ನ ಮುಖ ನೋಡದೆ, "ಮಕ್ಕಳು ಕಡಿಮಿ ಆದ್ರ ಶಾಲಿ ಮುಚ್ತಾರ್ರಿ ಸುನಿತಾ ಟೀಚರ್. ಸ್ವಲ್ಪ ಅಡ್ಜಸ್ಟ್ ಮಾಡ್ರಿ," ಎಂದರು. ಅವರ ನಿವೃತ್ತಿಗೆ ಎಂಟು ತಿಂಗಳಿತ್ತು.

ಮಾಡಿದೆ. ಆ ಮಧ್ಯಾಹ್ನ ಭಾಗ್ಯವಂತಿಯನ್ನು ಎಬ್ಬಿಸಿ, ಆಚೆಯ ಗೋಡೆ ತೋರಿಸಿದೆ.

"ಅಲ್ಲಿ ತತ್ತಿ ತಿನ್ನೋರು ಕುಂದರ್ತಾರಲ್ರಿ?" ಅಂದಳು.

"ನೀ ಅಲ್ಲೇ ಕುಂತು ಹಣ್ಣು ತಿನ್ನವ್ವ."

ತಾಟು ಎತ್ತಿಕೊಂಡು ಹೋಗಿ ಕುಳಿತಳು. ಬರದೇ ಉಳಿದಿದ್ದ ಹದಿಮೂರೂ ಮಕ್ಕಳು ಸೋಮವಾರ ಬಂದರು. ಅವತ್ತು ನನಗೆ ನಿಜವಾಗಿಯೂ ಹಗುರ ಅನ್ನಿಸಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬುಧವಾರ ಊಟದ ಹೊತ್ತಿನಲ್ಲಿ ಹಜರಾಬಿ ಸೌಟು ಹಿಡಿದೇ ಆಫೀಸಿಗೆ ಓಡಿ ಬಂದಳು. "ಜಲ್ದಿ ಬರ್ರಿ! ಭಾಗ್ಯಾ ಬಾಜೂಕಿನ ಹುಡುಗಿಗಿ ಹಣ್ಣು ಕೊಟ್ಟು, ಅಕಿ ತತ್ತಿ ಇಸ್ಕೊಂಡು ತಿಂದಾಳ್ರಿ!"

ಅಷ್ಟರಲ್ಲಿ ಹುಡುಗಿಯ ಕತ್ತಿನ ತುಂಬ ಕೆಂಪು ದದ್ದು ಎದ್ದಿದ್ದವು. ತುಟಿ ಊದಿತ್ತು, ಉಸಿರು ಎಳೆದೆಳೆದು ಬಿಡುತ್ತಿದ್ದಳು. ಹಜರಾಬಿಯ ಅಳಿಯ ಜಮೀರ ಆಟೋ ತಂದ. ನಾನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ.

"ಗೊತ್ತಿದ್ದೂ ಯಾಕ ತಿಂದೆವ್ವ?"

"ಹಣ್ಣು ತಿಂದ್ರ ಆ ಸಾಲಿನವ್ರು ನೋಡ್ತಾರ್ರಿ. ಈ ಸಾಲಿನವ್ರೂ ನೋಡ್ತಾರ್ರಿ," ಅಂದಳು, ಉಸಿರು ಸಾಲದೆ ತಡೆದು ತಡೆದು. "ತತ್ತಿ ತಿಂದ್ರ ಯಾರೂ ನೋಡಂಗಿಲ್ರಿ."

ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯಲ್ಲಿ ಉಸಿರು ಸರಿಹೋಯಿತು. ತೊಗರಿ ಹೊಲದಲ್ಲಿ ಕಳೆ ಕೀಳುತ್ತಿದ್ದ ರೇವಮ್ಮ ಹಾಗೆಯೇ ಮಣ್ಣುಗೈಯಲ್ಲಿ ಓಡಿ ಬಂದು ಮಂಚದ ಪಕ್ಕ ನಿಂತಳು. ಚೀಟಿ ಬರೆಯುತ್ತಿದ್ದ ನರ್ಸ್ ನನ್ನ ಕಡೆ ತಿರುಗಿದಳು.

"ಈ ಕೂಸಿಗಿ ತತ್ತಿ ಆಗಂಗಿಲ್ಲ ಅಂತ ಶಾಲ್ಯಾಗ ಯಾರಿಗೂ ಗೊತ್ತಿರಲಿಲ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಭಾಗ್ಯವಂತಿ ಹೇಳಿದಳು: "ಟೀಚರಿಗಿ ಗೊತ್ತಿಲ್ರಿ. ನಾ ಹೇಳೇ ಇಲ್ಲ."

ರೇವಮ್ಮ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನೆಲ ನೋಡುತ್ತ, "ಹೌದ್ರಿ, ನಾವು ಹೇಳಿರಲಿಲ್ರಿ," ಅಂದಳು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಓಡಿಹೋಗಲೂ ಆಗಲಿಲ್ಲ. "ಹೇಳಿದ್ರು," ಅಂದೆ. "ನಾನೇ ಬರಕೊಂಡೇನಿ. ಹಣ್ಣಿನ ಸಾಲಿನಿಂದ ಎಬ್ಬಿಸಿ ಆ ಕಡಿ ಕುಂದ್ರಿಸಿದಾಕಿನೂ ನಾನೇ. ಹಂಗೇ ಬರೀರಿ."

ನರ್ಸ್ ಚೀಟಿಯ ಮೇಲೆ ಪೆನ್ನು ಊರಿದಳು. ರೇವಮ್ಮ ಗಾಬರಿಯಿಂದ ಬಂದು ಮಣ್ಣುಗೈಯಲ್ಲೇ ನನ್ನ ಕೈ ಹಿಡಿದುಕೊಂಡಳು.

"ಹಂಗ ಬರೆಸಬ್ಯಾಡ್ರಿ ಟೀಚರ್ರಿ, ನಿಮ್ಮ ಕಾಲು ಬೀಳ್ತೇನಿ. ನಾಳಿ ಅಕಿ ಅಲ್ಲೇ ಬಂದು ಕುಂದರಬೇಕಲ್ರಿ."