ಗೋಡೆಯ ಮೇಲಿನ ಸೋಮಾರಿ ಕುರಿಗಾಹಿ

ಮಸ್ಕತ್ತಿನ ವಾದಿ ಅದಾಯ್ ಬಡಾವಣೆಯ ಪೇಂಟರ್ ಕುಂಞಾಲಿ ಇಪ್ಪತ್ತೆರಡು ವರ್ಷಗಳಲ್ಲಿ ಬಳಿದ ಬಿಳಿ ಬಣ್ಣವನ್ನು ಸಮುದ್ರಕ್ಕೆ ಸುರಿದಿದ್ದರೆ ಅಲ್ಲಿಂದ ಉಳ್ಳಾಲದವರೆಗೆ ಮೀನುಗಳೆಲ್ಲ ಹಾಲಿನಲ್ಲಿ ಈಜುತ್ತಿದ್ದವು. ಚಿತ್ರ ಬರೆ ಎಂದು ಅವನಿಗೆ ಹೇಳಿದವರು ಒಬ್ಬರೂ ಇರಲಿಲ್ಲ. ಹಾಗಾಗಿ ಹತ್ತಿರದ ಸೀಬ್ ಪಟ್ಟಣದಲ್ಲಿ ಜಲಾಲ್ ಸಾಹೇಬರ ಮಜ್ಲಿಸ್‌ನ, ಅಂದರೆ ಅತಿಥಿಗಳ ಕೋಣೆಯ, ಒಂದಿಡೀ ಗೋಡೆ ಸಿಕ್ಕಾಗ ಅವನು ಹನ್ನೊಂದು ದಿನ ರೆಪ್ಪೆ ಮುಚ್ಚಲಿಲ್ಲ. ಮುಚ್ಚಿದರೆ ಆ ಗಾಳಿಗೆ ಬಣ್ಣ ಕದಡೀತೆಂಬ ಭಯ.

ಮಾದರಿ ಹುಡುಕಿಕೊಟ್ಟವಳು ಅವನು ಕೆಲಸ ಮಾಡುವ ಅಲಂಕಾರದಂಗಡಿಯ ಡಿಸೈನರ್ ಜೊವಿಟಾ. ಹದಿನೆಂಟನೆಯ ಶತಮಾನದ ಫ್ರೆಂಚ್ ಅಲಂಕಾರ ಚಿತ್ರ: ಚಿಪ್ಪು, ಬಳ್ಳಿಗಳ ಅಂಚು, ಪಾಳುಬಿದ್ದ ಗಿರಣಿ, ಹತ್ತಿಯುಂಡೆಯಂಥ ಕುರಿಗಳು, ರೇಷ್ಮೆ ಚಡ್ಡಿ ತೊಟ್ಟು ಕೊಳಲೂದುವ ಕುರಿಗಾಹಿ, ಅವನತ್ತ ಹೂವು ಚಾಚಿದ ಹುಡುಗಿ.

ಗೋಡೆ ಮುಗಿದ ದಿನವೇ ಜಲಾಲ್‌ರ ತಂದೆ ದೂರದ ಇಬ್ರಿ ಊರಿನಿಂದ ಬಂದಿಳಿದರು. ಐವತ್ತು ವರ್ಷ ಆಡು ಮೇಯಿಸಿದ ಮುದುಕ.

"ಬಾಬಾ ಇದರ ಎದುರು ನೆಮ್ಮದಿಯಾಗಿ ಕೂತರೆ ಸರಿ. ಇಲ್ಲದಿದ್ದರೆ ಸಂಜೆಯೊಳಗೆ ಬಿಳಿ ಬಳಿ, ಖಲಾಸ್," ಎಂದರು ಜಲಾಲ್ ಕುಂಞಾಲಿಗೆ.

ಬಾಬಾ ಕೂತರು. ಎದ್ದರು. ಮತ್ತೆ ಕೂತರು. ಕೊನೆಗೆ ಕಾಫಿ ಬಟ್ಟಲು ಕೆಳಗಿಟ್ಟು ಗೋಡೆಗೆ ಮೂಗು ತಾಗಿಸಿ ಅರಬಿಯಲ್ಲಿ ಕೇಳಿದರು: "ಇವನು ಊದುತ್ತಾ ಕೂತಿದ್ದಾನಲ್ಲ, ಕುರಿ ನೋಡುವವರು ಯಾರು?"

"ಫ್ರಾನ್ಸಿನ ಕುರಿ, ಬಾಬಾ. ಭಾರೀ ಮರ್ಯಾದೆಯವು. ಹೇಳದೆ ಎಲ್ಲಿಗೂ ಹೋಗುವುದಿಲ್ಲ," ಎಂದ ಕುಂಞಾಲಿ, ತಾನೇ ಸಾಕಿದವನಂತೆ.

"ತೋಳ ಬಂದರೆ ಅದೂ ಹೇಳಿ ಬರುತ್ತದೋ?"

ಕುಂಞಾಲಿ ತೋಳಕ್ಕಿಂತ ವೇಗವಾಗಿ ಒಂದು ನಾಯಿ ಬರೆದ. ನಾಯಿಗೆ ನೀರೆಲ್ಲಿ ಎಂದರು ಬಾಬಾ. ಬಾವಿ ಬರೆದ. ಕಟ್ಟೆಯಿಲ್ಲದ ಬಾವಿಗೆ ಮರಿ ಬಿದ್ದರೆ ಎಂದು ಮುದುಕ ಎದೆ ಹಿಡಿದುಕೊಂಡರು. ಕಟ್ಟೆ ಕಟ್ಟಿದ, ಅಷ್ಟು ಬೇಗ ಕಟ್ಟೆ ಕಟ್ಟಿದ ಮೇಸ್ತ್ರಿ ಇಡೀ ಗಲ್ಫಿನಲ್ಲಿಲ್ಲ. ಆದರೂ ಬಾಬಾ ಕೋಣೆಯ ಉದ್ದಗಲ ಸುತ್ತುತ್ತಲೇ ಇದ್ದರು. ಅವರ ಹಿಂದೆ ಜಲಾಲ್, ಜಲಾಲ್‌ರ ಹಿಂದೆ ಕುಂಞಾಲಿ.

"ಸಾಕು ಮಾರಾಯ್ರೆ, ಕಾಕಾ!" ಜೊವಿಟಾ ಕುಂಞಾಲಿಯನ್ನು ತಡೆದಳು. "ಇದು ಅರಮನೆಯ ಹೆಂಗಸರಿಗೆ ಬರೆದದ್ದು, ಕುರಿಯ ವಾಸನೆ ಸಹ ಗೊತ್ತಿಲ್ಲದವರಿಗೆ. ಇಲ್ಲಿ ಯಾರಿಗೂ ಕೆಲಸ ಇಲ್ಲ. ಅದೇ ಇದರ ಚಂದ ಅಲ್ವಾ?"

"ಚಂದ ನಿಮ್ಗೆ, ಮೇಡಂ. ಸಂಜೆ ಬಿಳಿ ಬಳಿಯುದು ನಾನು!"

ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಆಯಿತು. ಪ್ರಾರ್ಥನೆ ಮುಗಿಸಿ ಬಂದ ಜಲಾಲ್ ಬಿಳಿ ಬಣ್ಣದ ಡಬ್ಬಿಯನ್ನು ತಾವೇ ತಂದು ಗೋಡೆಯ ಬುಡದಲ್ಲಿಟ್ಟರು. ನಾಯಿ, ಬಾವಿ, ಕಟ್ಟೆ, ಯಾವುದೂ ಪ್ರಯೋಜನಕ್ಕೆ ಬರಲಿಲ್ಲ. ಮುದುಕನ ಕಣ್ಣಿಗೆ ಚುಚ್ಚುತ್ತಿದ್ದದ್ದು ಕೊಳಲೂದುತ್ತಾ ಕೂತ ಆ ಕುರಿಗಾಹಿ.

ಹಸಿರು ಬಣ್ಣ ಎತ್ತಿ ಕುಂಞಾಲಿ ಕುರಿಗಾಹಿಯನ್ನೇ ಅಳಿಸಿದ. ಜೊವಿಟಾ ಕಣ್ಣು ಮುಚ್ಚಿಕೊಂಡಳು. ಆಚೆ, ಕುರಿಗಳ ನಡುವೆ, ಅದೇ ರೇಷ್ಮೆ ಚಡ್ಡಿಯ ಹುಡುಗ ಎದ್ದು ನಿಂತ: ಕೊಳಲಿಲ್ಲ, ಕೈಯಲ್ಲಿ ಕೋಲು, ಕಣ್ಣು ಮಂದೆಯ ಮೇಲೆ.

ಬಾಬಾ ಒಂದೊಂದೇ ಕುರಿಯ ಮೇಲೆ ಎಣಿಸುತ್ತಾ ಬೆರಳಾಡಿಸಿದರು. ನಂತರ ದಿಂಬಿಗೊರಗಿ ಕೂತರು. ಕಾಫಿ ಕುಡಿದರು. ಎರಡೇ ನಿಮಿಷ, ಅವರ ಗೊರಕೆ ಇಬ್ರಿಗೆ ಕೇಳಿಸಿತು.

ಜಲಾಲ್ ಡಬ್ಬಿ ಎತ್ತಿಕೊಂಡು ಹೊರಗೆ ಹೋದರು.

"ಗೋಡೆ ಉಳಿತು, ಕಾಕಾ. ಕುಂಚ ತೊಳೀರಿ ಇನ್ನು," ಎಂದಳು ಜೊವಿಟಾ.

"ಉಳಿತು." ಕುಂಞಾಲಿ ಅಲುಗಲಿಲ್ಲ. "ಆದ್ರೆ ಈ ಹುಡುಗಿಯನ್ನು ನೋಡಿ. ಹೂ ಹಿಡ್ಕೊಂಡು ಹಾಗೇ ಕೂತಿದ್ದಾಳೆ. ಎದುರು ಹುಲ್ಲು ಮಾತ್ರ."

"ಬಾಬಾ ಎದ್ರೆ ಮತ್ತೆ ಶುರು ಆಗ್ತದೆ, ಸುಮ್ಮನಿರಿ!"

ಅವನು ಹುಡುಗಿಯತ್ತ ಎರಡು ಹೆಜ್ಜೆ ಇಟ್ಟ, ಮುದುಕನ ಮುಖ ನೋಡಿ ಮೂರು ಹೆಜ್ಜೆ ಹಿಂದೆ ಬಂದ. ಕುಂಚ ಮಾತ್ರ ತೊಳೆಯಲಿಲ್ಲ.